ಬಾಳಿನ ಪಾಠವೂ ಚರಿತ್ರೆಯ ಪ್ರಮಾಣವೂ: ಸಂದರ್ಶನಮಾಲೆಗಳನ್ನು ಕುರಿತು ಹನುಮಸಾಗರದ ಸೀಮೆಯಿಂದ ಒಂದು ವಿವೇಚನೆ

೧

ನಾಡಿನಲ್ಲಿ ಹೆಸರು ಪಡೆದವರನ್ನು ಕರೆಸಿ, ಅವರು ನಡೆದು ಬಂದ ದಾರಿಯನ್ನು ಅವರ ಬಾಯಿಂದಲೇ ಹೇಳಿಸಿ, ಆ ಹೇಳಿಕೆಯಿಂದ ನೋಡುಗರಿಗೆ ಬಾಳಿನ ಪಾಠವೊಂದನ್ನು ಒದಗಿಸುವ ಸಂದರ್ಶನಮಾಲೆಗಳು ಇಂದು ದೂರದರ್ಶನದಲ್ಲಿ ಮನೆಮನೆಯ ಮಾತಾಗಿವೆ. ಕನ್ನಡದಲ್ಲಿ ಇವುಗಳ ಪೈಕಿ ಹೆಚ್ಚು ಪ್ರಸಿದ್ಧವಾದುದು ಜೀ ಕನ್ನಡ ವಾಹಿನಿಯ ‘ವೀಕೆಂಡ್ ವಿತ್ ರಮೇಶ್’. ನಟರಾದ ಶ್ರೀ ರಮೇಶ್ ಅರವಿಂದ್ ಅವರು ನಡೆಸಿಕೊಡುವ ಈ ಮಾಲೆ ೨೦೧೪ರ ಆಗಸ್ಟ್ ತಿಂಗಳಲ್ಲಿ ಆರಂಭವಾಯಿತು. ಅದರ ಐದನೆಯ ಆವೃತ್ತಿ ೨೦೨೩ರಲ್ಲಿ ಪ್ರಸಾರವಾಯಿತು. ಚಲನಚಿತ್ರ ನಟರಿಂದ ಮೊದಲ್ಗೊಂಡು ಧರ್ಮಾಧಿಕಾರಿಗಳು, ಉದ್ಯಮಿಗಳು, ವೈದ್ಯರು, ಶಿಕ್ಷಣತಜ್ಞರವರೆಗೆ ಅನೇಕರು ಅದರ ಕೆಂಪು ಆಸನದಲ್ಲಿ ಕುಳಿತು ತಮ್ಮ ಪೂರ್ವವೃತ್ತಾಂತವನ್ನು ನಿವೇದಿಸಿದ್ದಾರೆ. ಆ ಆಸನಕ್ಕೆ ‘ಸಾಧಕರ ಸೀಟು’ ಎಂಬ ಹೆಸರೇ ನಿಂತುಬಿಟ್ಟಿದೆ.

ಇಂಥ ಮಾಲೆಗಳನ್ನು ಕೇವಲ ವಿನೋದವೆಂದು ಬದಿಗೆ ಸರಿಸುವ ವಿದ್ವಾಂಸರು ಉಂಟು. ಅವುಗಳಲ್ಲಿ ಕೇಳಿದುದನ್ನೆಲ್ಲ ಚರಿತ್ರೆಯೆಂದೇ ಸ್ವೀಕರಿಸುವ ವಿದ್ಯಾರ್ಥಿಗಳೂ ಉಂಟು. ಈ ಎರಡು ದಾರಿಗಳೂ ನಮಗೆ ಸಲ್ಲವು. ತನ್ನ ಬಾಳನ್ನು ತಾನೇ ಹೇಳಿಕೊಂಡ ಮಾತು ಯಾವ ಕಾಲದಲ್ಲಿಯೇ ಆಗಲಿ, ಯಾವ ಸಾಧನದ ಮೂಲಕವೇ ಆಗಲಿ ನಮಗೆ ದೊರೆತರೆ ಅದು ಒಂದು ಆಕರ. ಆಕರವನ್ನು ತಿರಸ್ಕರಿಸುವುದೂ ಪರೀಕ್ಷಿಸದೆ ನಂಬುವುದೂ ಚರಿತ್ರಕಾರನ ಧರ್ಮವಲ್ಲ. ಈ ಮಾಲೆಗಳನ್ನು ಹೇಗೆ ಓದಬೇಕು, ಅವುಗಳ ವಿಧಾನದಿಂದ ನಮ್ಮ ಪ್ರಾಂತದ ಚರಿತ್ರೆಗೆ ಯಾವ ಪ್ರಯೋಜನವನ್ನು ಪಡೆಯಬಹುದು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಲು ಉದ್ದೇಶಿಸಿದೆ.

ಈ ವಿವೇಚನೆಗೆ ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿಗೆ ಸೇರಿದ ಹನುಮಸಾಗರದ ಸೀಮೆಯನ್ನು ನೆಲೆಯಾಗಿ ಆರಿಸಿಕೊಂಡಿರುವುದಕ್ಕೆ ಮೂರು ಕಾರಣಗಳಿವೆ. ಮೊದಲನೆಯದಾಗಿ, ತನ್ನ ಬಾಳಿನ ಪಾಠವನ್ನು ಪ್ರಜೆಗಳಿಗೆ ತಿಳಿಸಿದ ಒಬ್ಬ ಅರಸನ ಮಾತು ಈ ಜಿಲ್ಲೆಯ ಬಂಡೆಯ ಮೇಲೆಯೇ ಉಳಿದಿದೆ. ಎರಡನೆಯದಾಗಿ, ಕರ್ನಾಟಕದ ಹಳ್ಳಿಗಳಿಗೆ ದೂರದರ್ಶನ ಮೊಟ್ಟಮೊದಲು ಬಂದುದು ಈ ಭಾಗಕ್ಕೆ. ಮೂರನೆಯದಾಗಿ, ೧೯೪೮ರವರೆಗೆ ಎರಡು ಆಡಳಿತಗಳ ಎಲ್ಲೆಯಲ್ಲಿದ್ದ ಈ ಸೀಮೆಯಲ್ಲಿ, ಕೇಳಿ ಬರೆದಿಡಬೇಕಾದ ನೆನಪುಗಳು ಇಂದು ಮುಗಿಯುವ ಹಂತದಲ್ಲಿವೆ. ಈ ಮೂರನ್ನೂ ಕ್ರಮವಾಗಿ ನೋಡೋಣ.

೨

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿರುವ ಅಶೋಕನ ಕಿರು ಶಿಲಾಶಾಸನಗಳು ೧೯೩೧ರಲ್ಲಿ ಬೆಳಕಿಗೆ ಬಂದವು. ಅದಕ್ಕೆ ಮುಂಚೆ, ೧೯೧೫ರಲ್ಲಿ, ನೆರೆಯ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೇಳುವ ಶಾಸನ ದೊರೆತುದು ಸುಪ್ರಸಿದ್ಧವಾಗಿದೆ. ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿರುವ ಈ ಕಿರುಶಾಸನದ ತಾತ್ಪರ್ಯವನ್ನು ಸಂದರ್ಶನಮಾಲೆಗಳ ಹಿನ್ನೆಲೆಯಲ್ಲಿ ಓದಿದಾಗ ಒಂದು ವಿಶೇಷ ಗಮನಕ್ಕೆ ಬರುತ್ತದೆ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗಿಂತ ಹೆಚ್ಚು ಕಾಲವಾಯಿತೆಂದೂ, ಅದರಲ್ಲಿ ಮೊದಲ ಒಂದು ವರ್ಷ ತನ್ನ ಪ್ರಯತ್ನ ಸಾಲದಾಗಿತ್ತೆಂದೂ, ಸಂಘವನ್ನು ಸಮೀಪಿಸಿದ ಮೇಲೆ ಶ್ರದ್ಧೆಯಿಂದ ಪ್ರಯತ್ನಿಸಿದೆನೆಂದೂ ಅರಸನು ಹೇಳುತ್ತಾನೆ. ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರ ದೊರೆಯತಕ್ಕದ್ದಲ್ಲ, ಸಣ್ಣವರೂ ಪ್ರಯತ್ನದಿಂದ ಅದನ್ನು ಪಡೆಯಬಹುದು ಎಂಬುದು ಅವನು ಕೊಡುವ ನೀತಿ.

ಹಿಂದಿನ ಕೊರತೆಯನ್ನು ಒಪ್ಪಿಕೊಳ್ಳುವುದು, ತಿರುವಿನ ಕಾಲವನ್ನು ಗುರುತಿಸುವುದು, ಪರಿಶ್ರಮವನ್ನು ವರ್ಣಿಸುವುದು, ಕೊನೆಗೆ ಕೇಳುವವನೂ ಹೀಗೆ ಆಗಬಲ್ಲನೆಂದು ಭರವಸೆ ಕೊಡುವುದು: ಇಂದಿನ ಸಂದರ್ಶನಮಾಲೆಯ ನಾಲ್ಕು ಅಂಗಗಳೂ ಈ ಶಾಸನದಲ್ಲಿ ಆಗಲೇ ಇವೆ. ಎರಡರ ನಡುವೆ ನೇರವಾದ ಪರಂಪರೆಯಿದೆಯೆಂದು ಇದರ ಅರ್ಥವಲ್ಲ. ಪ್ರಭಾವಶಾಲಿಯಾದ ವ್ಯಕ್ತಿ ತನ್ನ ಬಾಳನ್ನು ಪಾಠವಾಗಿ ಪರಿವರ್ತಿಸುವಾಗ ಸಹಜವಾಗಿಯೇ ಈ ಕ್ರಮವನ್ನು ಅನುಸರಿಸುತ್ತಾನೆಂಬುದಷ್ಟೇ ಇಲ್ಲಿ ಗ್ರಾಹ್ಯ.

ಈ ಶಾಸನವನ್ನು ವಿದ್ವಾಂಸರು ಓದಿರುವ ವಿಧಾನವೂ ಗಮನಾರ್ಹವಾಗಿದೆ. ಅರಸನು ಹೇಳಿದನೆಂಬ ಕಾರಣದಿಂದಲೇ ಅವರು ಅದನ್ನು ಒಪ್ಪಿಕೊಂಡು ಸುಮ್ಮನಾಗಲಿಲ್ಲ. ಯಾವ ಆಳ್ವಿಕೆಯ ವರ್ಷದಲ್ಲಿ ಬರೆಯಿಸಿದ್ದು, ಯಾರನ್ನು ಉದ್ದೇಶಿಸಿದ್ದು, ಬೇರೆ ಬೇರೆ ಸ್ಥಳಗಳ ಪಾಠಗಳಲ್ಲಿ ಏನು ವ್ಯತ್ಯಾಸವಿದೆ ಎಂದು ಒಂದೊಂದನ್ನೂ ತೂಗಿದರು. ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಹತರಾದರೆಂದೂ ಒಂದೂವರೆ ಲಕ್ಷ ಜನ ಸೆರೆಯಾಗಿ ಒಯ್ಯಲ್ಪಟ್ಟರೆಂದೂ ಹೇಳಿ ಪಶ್ಚಾತ್ತಾಪಪಡುವ ಹದಿಮೂರನೆಯ ಶಿಲಾಶಾಸನವು ಆಂಧ್ರದ ಎರ್ರಗುಡಿ ಮೊದಲಾದೆಡೆಗಳಲ್ಲಿದೆ. ಗವಿಮಠದ ಕಿರುಶಾಸನದಲ್ಲಿ ಕಳಿಂಗದ ಮಾತೇ ಇಲ್ಲ. ಒಬ್ಬನೇ ಅರಸನು ಒಂದೆಡೆ ತನ್ನ ಪರಿವರ್ತನೆಯನ್ನು ಯುದ್ಧದ ದುಃಖದೊಡನೆ ಜೋಡಿಸಿ ಹೇಳುತ್ತಾನೆ; ಇನ್ನೊಂದೆಡೆ ಆ ಯುದ್ಧದ ಸುಳಿವನ್ನೂ ಕೊಡದೆ ಹೇಳುತ್ತಾನೆ. ಕೊಪ್ಪಳದ ಬಂಡೆಯೊಂದನ್ನೇ ಓದಿದವನಿಗೆ ಅಶೋಕನ ಬಾಳಿನ ಅತಿ ದೊಡ್ಡ ಘಟನೆ ತಿಳಿಯುವುದೇ ಇಲ್ಲ. ಆತ್ಮನಿವೇದನೆಯಲ್ಲಿ ಹೇಳಿದ ಮಾತಿನಷ್ಟೇ ಹೇಳದೆ ಬಿಟ್ಟ ಮಾತೂ ಪ್ರಮಾಣವಾಗುತ್ತದೆಂಬ ನಿಯಮಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಕಿಲ್ಲ.

೩

ಇನ್ನು ದೂರದರ್ಶನದ ವಿಷಯ. ಭಾರತದಲ್ಲಿ ದೂರದರ್ಶನ ಪ್ರಸಾರ ೧೯೫೯ರ ಸೆಪ್ಟೆಂಬರ್ ೧೫ರಂದು ದೆಹಲಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕಕ್ಕೆ ಅದು ಬಂದ ಕ್ರಮ ಸ್ವಲ್ಪ ವಿಚಿತ್ರವಾದುದು. ಬೆಂಗಳೂರಿಗೆ ೧೯೮೧ರಲ್ಲಿ ದೂರದರ್ಶನ ಬರುವುದಕ್ಕೆ ಆರು ವರ್ಷ ಮೊದಲೇ ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳು ಅದನ್ನು ಕಂಡಿದ್ದವು. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ನಡೆದ, ಸಂಕ್ಷೇಪವಾಗಿ ‘ಸೈಟ್’ ಎಂದು ಕರೆಯುವ ಉಪಗ್ರಹ ಶೈಕ್ಷಣಿಕ ದೂರದರ್ಶನ ಪ್ರಯೋಗ ಇದಕ್ಕೆ ಕಾರಣ. ಅಮೆರಿಕದ ನಾಸಾ ಸಂಸ್ಥೆಯಿಂದ ಒಂದು ವರ್ಷದ ಮಟ್ಟಿಗೆ ಎರವಲಾಗಿ ಪಡೆದ ಎಟಿಎಸ್-೬ ಎಂಬ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಕಾರ್ಯಕ್ರಮಗಳು ಮುಟ್ಟಿದವು. ಕೋಳಿಗೂಡಿಗೆ ಹಾಕುವಂಥ ತಂತಿಜಾಲರಿಯಿಂದ ಮಾಡಿದ, ಹತ್ತು ಅಡಿ ಅಗಲದ ಬೋಗುಣಿಯಾಕಾರದ ಗ್ರಾಹಕವನ್ನು ಹಳ್ಳಿಯಲ್ಲಿ ನಿಲ್ಲಿಸಿ, ಊರಿನವರಿಗೆಲ್ಲ ಸೇರಿ ಒಂದು ಪೆಟ್ಟಿಗೆಯನ್ನು ಇಡುತ್ತಿದ್ದರು. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ಸಿದ್ಧವಾಗುತ್ತಿದ್ದವು. ಪ್ರಯೋಗ ಮುಗಿದ ಮೇಲೆ, ೧೯೭೭ರಲ್ಲಿ, ಗುಲ್ಬರ್ಗಾದಲ್ಲಿ ಭೂಪ್ರೇಷಕ ಆರಂಭವಾಯಿತು. ಇಂದಿನ ಕೊಪ್ಪಳ ಜಿಲ್ಲೆ ೧೯೯೭ರಲ್ಲಿ ಪ್ರತ್ಯೇಕವಾಗುವವರೆಗೆ ಕುಷ್ಟಗಿ ತಾಲ್ಲೂಕು ರಾಯಚೂರು ಜಿಲ್ಲೆಯಲ್ಲಿಯೇ ಇದ್ದುದನ್ನು ಇಲ್ಲಿ ನೆನೆಯಬೇಕು.

ಸೈಟ್ ಪ್ರಯೋಗದ ಉದ್ದೇಶ ಘನವಾದುದು. ಬೇಸಾಯ, ಆರೋಗ್ಯ, ಕುಟುಂಬಯೋಜನೆ, ಮಕ್ಕಳ ಶಿಕ್ಷಣ ಇವು ಅದರ ಮುಖ್ಯ ವಿಷಯಗಳು. ಆದರೆ ಅದರಲ್ಲಿ ಮಾತಿನ ಹರಿವು ಒಂದೇ ದಿಕ್ಕಿನದು. ಕೇಂದ್ರವು ಹೇಳಿತು, ಹಳ್ಳಿಯು ಕೇಳಿತು. ಸಂಶೋಧಕರು ಹಳ್ಳಿಗಳಲ್ಲಿ ನೆಲಸಿ ಜನರನ್ನು ಪ್ರಶ್ನಿಸಿದುದುಂಟು. ಆ ಪ್ರಶ್ನೆಗಳು ಕಾರ್ಯಕ್ರಮದ ಪರಿಣಾಮವನ್ನು ಕುರಿತವು, ಜನರ ಬಾಳನ್ನು ಕುರಿತವಲ್ಲ. ಅದೇ ಕಾಲದಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ, ಪಿಜ್ ಎಂಬಲ್ಲಿನ ಸ್ಥಳೀಯ ಪ್ರೇಷಕದ ಮೂಲಕ ನಡೆದ ಪ್ರಯೋಗದಲ್ಲಿ ಹಳ್ಳಿಗರೇ ಕಾರ್ಯಕ್ರಮಗಳಲ್ಲಿ ಭಾಗವಹಿಸಿ ತಮ್ಮ ಕಷ್ಟಗಳನ್ನು ಹೇಳಿಕೊಂಡರು. ನಮ್ಮ ಭಾಗಕ್ಕೆ ಆ ಅವಕಾಶ ಒದಗಲಿಲ್ಲ. ದೂರದರ್ಶನವನ್ನು ಮೊದಲು ಕಂಡ ಜನ ದೂರದರ್ಶನದಲ್ಲಿ ಕಾಣಿಸಿಕೊಂಡುದು ಅತಿ ವಿರಳವೆಂಬುದು ಈ ಚರಿತ್ರೆಯ ಮೊದಲ ಪಾಠ.

ಸಂದರ್ಶನಮಾಲೆಗಳು ಇದಕ್ಕಿಂತ ಬೇರೆಯಾದ ಮೂಲದಿಂದ ಬಂದವು. ಅಮೆರಿಕದಲ್ಲಿ ರಾಲ್ಫ್ ಎಡ್ವರ್ಡ್ಸ್ ಎಂಬವರು ೧೯೪೮ರಲ್ಲಿ ರೇಡಿಯೋದಲ್ಲಿ ಆರಂಭಿಸಿದ ‘ದಿಸ್ ಈಸ್ ಯುವರ್ ಲೈಫ್’ ೧೯೫೨ರಲ್ಲಿ ದೂರದರ್ಶನಕ್ಕೆ ಬಂದಿತು. ೧೯೫೫ರಲ್ಲಿ ಬ್ರಿಟನ್ನಿನ ಬಿಬಿಸಿಯೂ ಅದನ್ನು ಕೈಗೊಂಡಿತು. ಅತಿಥಿಗೆ ಮುನ್ಸೂಚನೆಯಿಲ್ಲದಂತೆ ಅವನ ಬಾಲ್ಯದ ಗೆಳೆಯರನ್ನೂ ಗುರುಗಳನ್ನೂ ಬಂಧುಗಳನ್ನೂ ಕರೆತಂದು ನಿಲ್ಲಿಸುವುದು ಅದರ ಮುಖ್ಯ ತಂತ್ರ. ಇದಕ್ಕೆ ಪ್ರತಿಯಾಗಿ ಬಿಬಿಸಿಯಲ್ಲಿಯೇ ೧೯೫೯ರಿಂದ ೧೯೬೨ರವರೆಗೆ ಜಾನ್ ಫ್ರೀಮನ್ನರು ನಡೆಸಿದ ‘ಫೇಸ್ ಟು ಫೇಸ್’ ಮಾಲೆಯಲ್ಲಿ ಬರ್ಟ್ರಂಡ್ ರಸೆಲ್, ಕಾರ್ಲ್ ಯೂಂಗ್ ಮೊದಲಾದವರನ್ನು ಎದುರಿಗೆ ಕೂರಿಸಿಕೊಂಡು ನಿಷ್ಠುರವಾಗಿ ಪ್ರಶ್ನಿಸಲಾಯಿತು. ಮೊದಲನೆಯದನ್ನು ಸನ್ಮಾನದ ಮಾದರಿ, ಎರಡನೆಯದನ್ನು ಪ್ರಶ್ನೆಯ ಮಾದರಿ ಎಂದು ಕರೆಯಬಹುದು. ಭಾರತದಲ್ಲಿ ತಬಸ್ಸುಮ್ ಅವರು ಮುಂಬಯಿ ದೂರದರ್ಶನದಲ್ಲಿ ೧೯೭೨ರಿಂದ ನಡೆಸಿದ ‘ಫೂಲ್ ಖಿಲೇ ಹೈಂ ಗುಲ್ಶನ್ ಗುಲ್ಶನ್’ ಇಂಥ ಮಾತುಕತೆಗೆ ದಾರಿ ತೆಗೆಯಿತು. ಮುಂದೆ ಫಾರೂಕ್ ಶೇಖ್ ಅವರ ‘ಜೀನಾ ಇಸೀ ಕಾ ನಾಮ್ ಹೈ’ ಸನ್ಮಾನದ ಮಾದರಿಯನ್ನು ಹಿಂದಿಗೆ ತಂದಿತು. ಕನ್ನಡದ ‘ವೀಕೆಂಡ್ ವಿತ್ ರಮೇಶ್’ ಸಹ ಇದೇ ಕುಲಕ್ಕೆ ಸೇರಿದುದು. ಸರ್ಕಾರಿ ವಾಹಿನಿಯಾದ ‘ಚಂದನ’ದ ‘ಬೆಳಗು’ ಕಾರ್ಯಕ್ರಮದಲ್ಲಿಯೂ ನಾನಾ ಕ್ಷೇತ್ರದವರ ಸಂದರ್ಶನಗಳು ನಡೆದುಬಂದಿವೆ. ಅಲ್ಲಿ ಆಡಂಬರ ಕಡಿಮೆ.

೪

ಸನ್ಮಾನದ ಮಾದರಿಯ ಮಾಲೆಯನ್ನು ಆಕರವಾಗಿ ಬಳಸುವಾಗ ನಾಲ್ಕು ಪರೀಕ್ಷೆಗಳನ್ನು ಮಾಡಬೇಕೆಂದು ತೋರುತ್ತದೆ.

ಮೊದಲನೆಯದು ಕಾಲದ ಪರೀಕ್ಷೆ. ಸಂದರ್ಶನ ನಡೆದ ದಿನದಂದು ಆ ವ್ಯಕ್ತಿ ಏನಾಗಿದ್ದನೆಂಬುದನ್ನು ಗುರುತು ಮಾಡಿಕೊಳ್ಳದೆ ಅವನ ಮಾತನ್ನು ಬಳಸಬಾರದು. ಡಾ. ವೀರೇಂದ್ರ ಹೆಗ್ಗಡೆಯವರೂ ಶ್ರೀಮತಿ ಸುಧಾ ಮೂರ್ತಿಯವರೂ ೨೦೧೯ರ ಆವೃತ್ತಿಯಲ್ಲಿ ಮಾತನಾಡಿದರು, ಹೃದ್ರೋಗತಜ್ಞರಾದ ಡಾ. ಸಿ. ಎನ್. ಮಂಜುನಾಥ್ ಅವರು ೨೦೨೩ರಲ್ಲಿ ಮಾತನಾಡಿದರು. ಹೆಗ್ಗಡೆಯವರು ೨೦೨೨ರಲ್ಲಿ, ಸುಧಾ ಮೂರ್ತಿಯವರು ೨೦೨೪ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಮಂಜುನಾಥ್ ಅವರು ೨೦೨೪ರಲ್ಲಿ ಲೋಕಸಭೆಗೆ ಚುನಾಯಿತರಾದರು. ಈ ಮೂವರ ನಿವೇದನೆಗಳೂ ಅವರು ಸಂಸತ್ತನ್ನು ಪ್ರವೇಶಿಸುವುದಕ್ಕೆ ಮುಂಚಿನವು. ಐವತ್ತು ವರ್ಷಗಳ ಮೇಲೆ ಈ ದೃಶ್ಯಗಳನ್ನು ನೋಡುವ ವಿದ್ಯಾರ್ಥಿ ಇಸವಿಯನ್ನು ಮರೆತರೆ, ಸಂಸತ್ಸದಸ್ಯರ ಮಾತೆಂದು ಅವನ್ನು ಓದಿ ಇಲ್ಲದ ಅರ್ಥವನ್ನು ಕಲ್ಪಿಸಿಯಾನು. ಹಾಗೆಯೇ ಮಾಲೆಯ ಮೊದಲ ಅತಿಥಿಯಾಗಿದ್ದ ನಟ ಪುನೀತ್ ರಾಜ್‌ಕುಮಾರ್ ಅವರು ೨೦೨೧ರ ಅಕ್ಟೋಬರ್ ೨೯ರಂದು, ತಮ್ಮ ೪೬ನೆಯ ವಯಸ್ಸಿನಲ್ಲಿ ನಿಧನರಾದರು. ೨೦೧೪ರಲ್ಲಿ ವಾರಾಂತ್ಯದ ಸಂತೋಷಕ್ಕಾಗಿ ನೋಡಿದ ಆ ಸಂಚಿಕೆ ಇಂದು ಸ್ಮಾರಕವಾಗಿದೆ. ಆಕರದ ಅಕ್ಷರ ಬದಲಾಗದಿದ್ದರೂ ಓದುವವನ ಕಾಲ ಬದಲಾದಂತೆ ಅದರ ತೂಕ ಬದಲಾಗುತ್ತದೆ.

ಎರಡನೆಯದು ಆಯ್ಕೆಯ ಪರೀಕ್ಷೆ. ಆ ಆಸನ ದೊರೆಯುವುದು ಗೆದ್ದ ಮೇಲೆ. ಗೆಲವು ತಿಳಿದ ಮೇಲೆ ಹಿಂತಿರುಗಿ ನೋಡಿದಾಗ ಬಡತನವೂ ಅವಮಾನವೂ ಗೆಲವಿನ ಮೆಟ್ಟಿಲುಗಳಾಗಿಯೇ ಕಾಣುತ್ತವೆ. ಅದೇ ಬಡತನವನ್ನು ಅನುಭವಿಸಿ, ಅಷ್ಟೇ ಪರಿಶ್ರಮಪಟ್ಟು, ಮೇಲಕ್ಕೆ ಬಾರದೆ ಉಳಿದವರ ಸಾಕ್ಷ್ಯ ನಮ್ಮ ಮುಂದಿಲ್ಲ. ಆದುದರಿಂದ ಪರಿಶ್ರಮದಿಂದ ಫಲ ಬಂದೇ ಬರುತ್ತದೆಂಬ ನೀತಿಯು ಈ ಮಾಲೆಗಳಿಂದ ಸಿದ್ಧವಾಗುವುದಿಲ್ಲ. ಅದು ಆಯ್ಕೆಯಲ್ಲಿಯೇ ಅಡಗಿ ಬಂದ ನೀತಿ.

ಮೂರನೆಯದು ಸಾಕ್ಷಿಗಳ ಪರೀಕ್ಷೆ. ಈ ಅಂಶದಲ್ಲಿ ಮಾಲೆಯನ್ನು ಮೆಚ್ಚಲೇಬೇಕು. ಅಶೋಕನ ಬಂಡೆಯಲ್ಲಿ ಅರಸನೊಬ್ಬನೇ ಮಾತನಾಡುತ್ತಾನೆ. ದೂರದರ್ಶನದಲ್ಲಿ ತಾಯಿ, ಅಣ್ಣತಮ್ಮಂದಿರು, ಶಾಲೆಯ ಗುರುಗಳು, ಜೊತೆಗೆ ದುಡಿದವರು ಬಂದು ಮಾತನಾಡುತ್ತಾರೆ. ದೊಡ್ಡವರ ಚರಿತ್ರೆಯಲ್ಲಿ ಹೆಸರೂ ಕಾಣಿಸಿಕೊಳ್ಳದ ಇವರು ತಮ್ಮ ಊರಿನ ಮಾತಿನಲ್ಲಿ ಹೇಳುವ ಸಂಗತಿಗಳು, ಒಂದು ಶಾಲೆಯ ಶುಲ್ಕ, ಒಂದು ವಠಾರದ ಬದುಕು, ಒಂದು ಮನೆಯ ಊಟ, ಅತಿಥಿಯ ಸಾಧನೆಗಿಂತಲೂ ಸಾಮಾಜಿಕ ಚರಿತ್ರೆಗೆ ಹೆಚ್ಚು ಉಪಯುಕ್ತವಾಗಬಲ್ಲವು. ಆದರೆ ಸಾಕ್ಷಿಗಳೆಲ್ಲ ಅಭಿಮಾನದಿಂದ ಬಂದವರು. ಎದುರುಪಕ್ಷದ ಸಾಕ್ಷಿಯನ್ನು ಸನ್ಮಾನಕ್ಕೆ ಯಾರೂ ಕರೆಯುವುದಿಲ್ಲ.

ನಾಲ್ಕನೆಯದು ಮೌನದ ಪರೀಕ್ಷೆ. ಗವಿಮಠದ ಶಾಸನದಲ್ಲಿ ಕಳಿಂಗವನ್ನು ಹುಡುಕಿದಂತೆ, ಸಂದರ್ಶನದಲ್ಲಿ ಕೇಳದೆ ಬಿಟ್ಟ ಪ್ರಶ್ನೆಯನ್ನು ಹುಡುಕಬೇಕು. ವೃತ್ತಪತ್ರಿಕೆ, ನ್ಯಾಯಾಲಯದ ತೀರ್ಪು, ಸಂಸ್ಥೆಯ ವರದಿ ಮೊದಲಾದ ಬೇರೆ ಆಕರಗಳ ಪಕ್ಕದಲ್ಲಿಟ್ಟು ನೋಡಿದಾಗ ಆ ಮೌನ ಗೋಚರಿಸುತ್ತದೆ.

ನೆನಪು ತಪ್ಪುವುದೆಂಬ ಆಕ್ಷೇಪವನ್ನು ಇಲ್ಲಿ ಎತ್ತಬಹುದು. ಅದಕ್ಕೆ ಇಟಲಿಯ ವಿದ್ವಾಂಸ ಅಲೆಸಾಂಡ್ರೊ ಪೋರ್ಟೆಲ್ಲಿಯವರ ಸಂಶೋಧನೆ ಒಳ್ಳೆಯ ಸಮಾಧಾನವಾಗಿದೆ. ಟೆರ್ನಿ ಎಂಬ ಕೈಗಾರಿಕಾ ನಗರದಲ್ಲಿ ಲುಯಿಜಿ ಟ್ರಾಸ್ಟುಲ್ಲಿ ಎಂಬ ಕಾರ್ಮಿಕನು ೧೯೪೯ರಲ್ಲಿ, ನ್ಯಾಟೋ ಒಪ್ಪಂದವನ್ನು ವಿರೋಧಿಸಿದ ಮೆರವಣಿಗೆಯಲ್ಲಿ ಪೊಲೀಸರಿಂದ ಹತನಾದನು. ಮುಂದೆ ಅನೇಕರು ಆ ಸಾವನ್ನು ೧೯೫೩ರಲ್ಲಿ, ಕಾರ್ಖಾನೆಯಿಂದ ಜನರನ್ನು ವಜಾ ಮಾಡಿದ ಸಂದರ್ಭದಲ್ಲಿ ನಡೆದುದೆಂದು ಹೇಳಿದರು. ಇಸವಿ ತಪ್ಪು, ಆದರೆ ಆ ಊರಿನ ಜನಕ್ಕೆ ಯಾವ ಗಾಯ ಆಳವಾಗಿತ್ತೆಂಬುದು ಆ ತಪ್ಪಿನಿಂದಲೇ ತಿಳಿಯಿತು. ತಪ್ಪಾದ ನೆನಪನ್ನು ಎಸೆಯದೆ ತಿದ್ದಿ ಇಟ್ಟುಕೊಳ್ಳುವುದು ಜಾಣತನ.

೫

ಈ ವಿಚಾರಗಳನ್ನು ಹನುಮಸಾಗರದ ಸೀಮೆಗೆ ಅನ್ವಯಿಸಿದಾಗ ನಮ್ಮ ಮುಂದೆ ನಿಲ್ಲುವ ಕರ್ತವ್ಯ ಸ್ಪಷ್ಟವಾಗುತ್ತದೆ. ಇಲಕಲ್ಲಿಗೂ ಗಜೇಂದ್ರಗಡಕ್ಕೂ ನಡುವೆ ಇರುವ ಈ ಊರು ೧೯೪೮ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಇಲಕಲ್ಲೂ ಗಜೇಂದ್ರಗಡವೂ ಮುಂಬಯಿ ಪ್ರಾಂತದಲ್ಲಿದ್ದವು. ನಡೆದು ಹೋಗಬಹುದಾದ ದೂರದಲ್ಲಿ ನಾಣ್ಯ ಬೇರೆ, ಕಚೇರಿಯ ಭಾಷೆ ಬೇರೆ, ಶಾಲೆಯ ಮಾಧ್ಯಮ ಬೇರೆ. ಈಚೆ ಹಾಲಿ ಸಿಕ್ಕಾ ರೂಪಾಯಿ, ಉರ್ದು ಕಾಗದಪತ್ರ, ಕರೋಡಗಿರಿಯ ಸುಂಕದ ಕಟ್ಟೆ; ಆಚೆ ಬ್ರಿಟಿಷ್ ರೂಪಾಯಿ ಮತ್ತು ಕನ್ನಡ ಶಾಲೆ. ಈ ಭಾಗದ ಜನರ ನಿತ್ಯವ್ಯವಹಾರವು ಎಲ್ಲೆಯನ್ನು ದಾಟಿಯೇ ನಡೆಯಬೇಕಾಗಿತ್ತು. ೧೯೪೭-೪೮ರಲ್ಲಿ ಸಂಸ್ಥಾನದ ವಿಮೋಚನೆಗಾಗಿ ಎಲ್ಲೆಯ ಆಚೆ ಶಿಬಿರಗಳು ಎದ್ದವು. ಮುಂಡರಗಿಯ ಶಿಬಿರವನ್ನು ನಡೆಸಿದ ಅಳವಂಡಿಯ ಶಿವಮೂರ್ತಿಸ್ವಾಮಿಗಳು ೧೯೫೨ರಲ್ಲಿ ಕುಷ್ಟಗಿ ಕ್ಷೇತ್ರದಿಂದ ಮೊದಲನೆಯ ಲೋಕಸಭೆಗೆ ಆರಿಸಿಬಂದರು.

ನಾಯಕರ ಚರಿತ್ರೆ ಒಂದಿಷ್ಟಾದರೂ ಬರೆಹಕ್ಕೆ ಇಳಿದಿದೆ. ಅನುಭವಿಸಿದ ಸಾಮಾನ್ಯರದು ಇನ್ನೂ ಬಾಯಲ್ಲಿಯೇ ಉಳಿದಿದೆ. ರಜಾಕಾರರ ಹಾವಳಿಗೆ ಅಂಜಿ ಊರು ಬಿಟ್ಟವರ ನೆನಪಿದೆ. ೧೯೪೮ರ ಸೆಪ್ಟೆಂಬರ್ ೧೭ರ ತರುವಾಯ ಸಂಸ್ಥಾನದ ಹಲವೆಡೆ ಮುಸಲ್ಮಾನರು ಅನುಭವಿಸಿದ ಹಿಂಸೆಯನ್ನು ಕುರಿತು ಪ್ರಧಾನಿ ನೆಹರೂ ಅವರು ಪಂಡಿತ ಸುಂದರಲಾಲರ ಸಮಿತಿಯಿಂದ ವರದಿಯನ್ನು ತರಿಸಿದರು. ಅದು ದಶಕಗಳ ಕಾಲ ಪ್ರಕಟವಾಗಲಿಲ್ಲ. ಒಂದು ಪಕ್ಷದ ನೋವನ್ನು ಮಾತ್ರ ಕೇಳಿ ಬರೆದರೆ ನಾವು ಸನ್ಮಾನದ ಮಾದರಿಗೆ ಸೇರಿದವರಾಗುತ್ತೇವೆ. ಎರಡು ಮನೆಗಳ ಅಂಗಳದಲ್ಲಿಯೂ ಕುಳಿತು ಕೇಳಿದರೆ ಮಾತ್ರ ಚರಿತ್ರಕಾರರಾಗುತ್ತೇವೆ.

ಅವಸರದ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ೧೯೪೮ರಲ್ಲಿ ಹದಿನೈದು ವರ್ಷದವರಾಗಿದ್ದವರು ಇಂದು ತೊಂಬತ್ತನ್ನು ದಾಟಿದ್ದಾರೆ. ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಅಲನ್ ನೆವಿನ್ಸ್ ಅವರು ಮೌಖಿಕ ಚರಿತ್ರೆಯ ಸಂಗ್ರಹವನ್ನು ಆರಂಭಿಸಿದುದೂ ೧೯೪೮ರಲ್ಲಿಯೇ. ವಿಧಾನಕ್ಕೂ ನಮ್ಮ ವಿಷಯಕ್ಕೂ ಒಂದೇ ವಯಸ್ಸು. ವಿಧಾನ ಉಳಿಯುತ್ತದೆ, ಹೇಳುವವರು ಉಳಿಯುವುದಿಲ್ಲ.

ಈ ಕೆಲಸಕ್ಕೆ ಸಂದರ್ಶನಮಾಲೆಯಿಂದ ತೆಗೆದುಕೊಳ್ಳಬೇಕಾದುದು ಉಂಟು, ಬಿಡಬೇಕಾದುದೂ ಉಂಟು. ಸಾಕ್ಷಿಗಳನ್ನು ಕೂಡಿಸುವ, ಹಳೆಯ ಚಿತ್ರವೊಂದನ್ನು ತೋರಿಸಿ ನೆನಪನ್ನು ಎಬ್ಬಿಸುವ ಅದರ ವಿಧಾನವನ್ನು ತೆಗೆದುಕೊಳ್ಳಬೇಕು; ಗೆದ್ದವರನ್ನೇ ಆರಿಸುವ ಅದರ ಪದ್ಧತಿಯನ್ನು ಬಿಡಬೇಕು. ಮಾಲಿ ಪಟೇಲನ ಮನೆಯವರನ್ನು ಕೇಳಿದಂತೆ ಅವನಿಗೆ ಬಿಟ್ಟಿ ಚಾಕರಿ ಮಾಡಿದ ಮನೆಯವರನ್ನೂ ಕೇಳಬೇಕು. ನೇಕಾರರನ್ನೂ ಕಿನ್ನಾಳದ ಗೊಂಬೆ ಮಾಡುವವರನ್ನೂ ಕೇಳಬೇಕು. ಹೆಂಗಸರನ್ನು ಮನೆಯ ಗಂಡಸರ ಸಮ್ಮುಖದಲ್ಲಿ ಮಾತ್ರವಲ್ಲದೆ ಪ್ರತ್ಯೇಕವಾಗಿಯೂ ಕೇಳಬೇಕು. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆಯಾಟದ ಹಿರಿಯ ಕಲಾವಿದೆ ಶ್ರೀಮತಿ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಿತವಾದಾಗ ಅವರ ವಯಸ್ಸು ೯೬. ನಾಡು ಅವರತ್ತ ತಿರುಗಿ ನೋಡಿದುದು ಆಗ. ಪ್ರಶಸ್ತಿಯನ್ನು ಕಾದು ಕುಳಿತು ಪ್ರಶ್ನೆ ಕೇಳುವುದಾದರೆ ನಮ್ಮ ಸಂಗ್ರಹ ಎಂದಿಗೂ ತುಂಬದು.

ಕಾಲೇಜಿನ ವಿದ್ಯಾರ್ಥಿಗಳು ಈ ಕೆಲಸವನ್ನು ಕೈಯಲ್ಲಿರುವ ದೂರವಾಣಿಯಿಂದಲೇ ಮಾಡಬಲ್ಲರು. ನಿಯಮಗಳು ಕೆಲವೇ. ಹೇಳುವವರ ಒಪ್ಪಿಗೆಯನ್ನು ಮೊದಲು ಪಡೆಯಬೇಕು. ಹೆಸರು ಬೇಡವೆಂದರೆ ಬರೆಯಬಾರದು. ದಿನಾಂಕ, ಸ್ಥಳ, ಕೇಳಿದವರು, ಜೊತೆಗಿದ್ದವರು ಇವಿಷ್ಟನ್ನು ಆರಂಭದಲ್ಲಿಯೇ ದಾಖಲಿಸಬೇಕು. ಊರಿನ ನುಡಿಯನ್ನು ಗ್ರಾಂಥಿಕಕ್ಕೆ ತಿದ್ದಬಾರದು. ಒಮ್ಮೆ ಕೇಳಿದುದನ್ನು ಕೆಲವು ವಾರಗಳ ಮೇಲೆ ಮತ್ತೊಮ್ಮೆ ಕೇಳಬೇಕು. ಬಾಳಿನಿಂದ ಕಲಿತ ಪಾಠವೇನೆಂಬ ಪ್ರಶ್ನೆಯನ್ನು ಕೊನೆಗೆ ಇಡಬೇಕು. ಅದನ್ನು ಮೊದಲೇ ಕೇಳಿದರೆ ಉಳಿದ ಮಾತೆಲ್ಲ ಆ ಪಾಠಕ್ಕೆ ಹೊಂದಿಕೊಂಡು ಬರುತ್ತದೆ. ಧ್ವನಿಯ ಒಂದು ಪ್ರತಿ ಕಾಲೇಜಿನ ಗ್ರಂಥಾಲಯದಲ್ಲಿರಬೇಕು, ಒಂದು ಪ್ರತಿ ಹೇಳಿದವರ ಮನೆಗೆ ಹೋಗಬೇಕು.

ಒಂದು ಕಾಲೇಜು ವರ್ಷಕ್ಕೆ ಹತ್ತು ಜನರ ಮಾತನ್ನು ಈ ಕ್ರಮದಲ್ಲಿ ಸಂಗ್ರಹಿಸಿದರೂ, ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಕೊಪ್ಪಳಗಳ ಕಾಲೇಜುಗಳು ಕೂಡಿ ಐದು ವರ್ಷಗಳಲ್ಲಿ ಇನ್ನೂರು ಬಾಳುಗಳ ಆಕರವನ್ನು ಕಟ್ಟಬಹುದು. ಈ ಕಾರ್ಯವನ್ನು ಬರುವ ಶೈಕ್ಷಣಿಕ ವರ್ಷದಲ್ಲಿಯೇ, ಅತ್ಯಂತ ವೃದ್ಧರಾದವರಿಂದ ಆರಂಭಿಸುವುದು ಯುಕ್ತ.